ಸುರಪುರದ ಸೆರೆಯಾಳು

ಕೃಷ್ಣೆ ಭೀಮೆಗಳ ನಡುವಣ ಸಗರ ಸೀಮೆಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಹೆಸರನ್ನು ಕೇಳದವರು ವಿರಳ. ಶಹಾಪುರದ ಬೆಟ್ಟದ ಬುಡದ ಹಳ್ಳಿಗಳಲ್ಲಾಗಲಿ, ಯಾದಗಿರಿಯ ಪೇಟೆಯಲ್ಲಾಗಲಿ ೧೮೫೮ರ ಕಾಳಗದ ಸುದ್ದಿ ತೆಗೆದರೆ ಸಾಕು, ಹಿರಿಯರ ದನಿ ಏರುತ್ತದೆ. ನಮ್ಮ ಇತಿಹಾಸದ ಪುಸ್ತಕಗಳೂ ಆ ಕಾಳಗವನ್ನು ಅಭಿಮಾನದಿಂದ ಬಣ್ಣಿಸಿವೆ. ಆದರೆ ದೊರೆಯು ಸೆರೆಸಿಕ್ಕನೆಂಬಲ್ಲಿಗೆ ಬಂದೊಡನೆ ಬಹುತೇಕ ಎಲ್ಲರ ಲೇಖನಿಯೂ ಅವಸರಪಡುತ್ತದೆ. ಸೆರೆಯಲ್ಲಿ ಆತನು ಕಳೆದ ದಿನಗಳಿಗೆ ಎರಡು ಸಾಲು, ಸಾವಿಗೆ ಒಂದು ಸಾಲು, ಅಲ್ಲಿಗೆ ಅಧ್ಯಾಯ ಮುಗಿಯಿತು. ಕಾಳಗವು ಇತಿಹಾಸ, ಸೆರೆಮನೆಯು ಅದರ ಬಾಲ ಎಂದು ನಾವು ಎಣಿಸಿದಂತಿದೆ.

ನನಗೆ ಈಚೆಗೆ ಆ ಎರಡು ಸಾಲುಗಳೇ ಹೆಚ್ಚು ಮುಖ್ಯವೆಂದು ತೋರುತ್ತಿವೆ. ಒಬ್ಬ ಮನುಷ್ಯನು ಸ್ವತಂತ್ರನಾಗಿದ್ದಾಗ ಏನು ಮಾಡಿದನೆಂಬುದು ಅವನ ಚರಿತ್ರೆ. ಅವನು ಕೈಕಟ್ಟಿಸಿಕೊಂಡು ನಿಂತಾಗ ಅವನನ್ನು ಹೇಗೆ ನೋಡಿಕೊಂಡರೆಂಬುದು ನೋಡಿಕೊಂಡವರ ಚರಿತ್ರೆ. ಸುರಪುರದ ಸೆರೆಯಾಳಿನಿಂದ ಆರಂಭಿಸಿ, ಆ ಎರಡನೆಯ ಚರಿತ್ರೆಯನ್ನು ನಮ್ಮ ಕಾಲದವರೆಗೆ ಹಿಂಬಾಲಿಸುವುದು ಈ ಲೇಖನದ ಉದ್ದೇಶ.

ಮೊದಲು ಹಿನ್ನೆಲೆಯನ್ನು ನೆನಪಿಗೆ ತಂದುಕೊಳ್ಳೋಣ. ಸುರಪುರದ ನಾಯಕರು ಬೇಡರು. ಔರಂಗಜೇಬನ ಕೊನೆಯ ದಂಡಯಾತ್ರೆ ನಡೆದುದು ೧೭೦೫ರಲ್ಲಿ, ಇವರ ವಾಗಣಗೇರಿಯ ಕೋಟೆಯ ಮೇಲೆ. ಕೋಟೆ ಬಿದ್ದರೂ ನಾಯಕರು ಬೀಳಲಿಲ್ಲ. ಮುಂದೆ ಅವರ ರಾಜಧಾನಿ ಸುರಪುರವಾಯಿತು. ೧೮೪೧ರಲ್ಲಿ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಮಗ ವೆಂಕಟಪ್ಪನು ಇನ್ನೂ ಏಳು ವರ್ಷದ ಹುಡುಗ. ಸಂಸ್ಥಾನದ ಮೇಲ್ವಿಚಾರಣೆಗೆಂದು ಹೈದರಾಬಾದಿನ ರೆಸಿಡೆಂಟನು ಮೆಡೋಸ್ ಟೇಲರ್ ಎಂಬ ಅಧಿಕಾರಿಯನ್ನು ಕಳುಹಿಸಿದನು. ಠಕ್ಕನೊಬ್ಬನ ಆತ್ಮನಿವೇದನೆಯ ರೂಪದಲ್ಲಿ ೧೮೩೯ರಲ್ಲಿ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರಾದ ಟೇಲರನೇ ಈತ. ೧೮೫೩ರವರೆಗೆ ಅವನು ಸುರಪುರದಲ್ಲಿದ್ದನು. ಅವನು ಕಟ್ಟಿಸಿದ ಬಂಗಲೆ ‘ಟೇಲರ್ ಮಂಜಿಲ್’ ಎಂಬ ಹೆಸರಿನಿಂದ ಇಂದಿಗೂ ಗುಡ್ಡದ ಮೇಲೆ ನಿಂತಿದೆ. ತಂದೆಯಿಲ್ಲದ ಹುಡುಗ ದೊರೆಯು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಕರೆದವನಿಗೂ ಕರೆಸಿಕೊಂಡವನಿಗೂ ಈ ಕರೆ ಬರಿಯ ಉಪಚಾರದ ಮಾತಾಗಿರಲಿಲ್ಲವೆಂದು ಮುಂದಿನ ಸಂಗತಿಗಳಿಂದ ತಿಳಿಯುತ್ತದೆ.

೧೮೫೩ರಲ್ಲಿ ಪ್ರಾಯಕ್ಕೆ ಬಂದ ದೊರೆಗೆ ಆಡಳಿತವನ್ನು ಒಪ್ಪಿಸಿ ಟೇಲರನು ನಳದುರ್ಗಕ್ಕೆ ಹೋದನು. ಐದು ವರ್ಷಗಳಲ್ಲಿ ಕಾಲ ತಿರುಗಿತು. ೧೮೫೮ರ ಫೆಬ್ರವರಿಯಲ್ಲಿ ಕುಂಪಣಿಯ ದಂಡು ಸುರಪುರದ ಮುಂದೆ ಬಂದಿಳಿಯಿತು. ಕ್ಯಾಪ್ಟನ್ ನ್ಯೂಬೆರಿ ಆ ಕಾಳಗದಲ್ಲಿ ಬಿದ್ದನು. ಬೇಡರ ಶೌರ್ಯಕ್ಕೆ ಕೊರತೆಯಿರಲಿಲ್ಲ, ಆದರೆ ಹೊರಗಿನಿಂದ ನೆರವು ಬರುವಂತಿರಲಿಲ್ಲ. ರಾತ್ರಿಯಲ್ಲಿ ದೊರೆಯು ಕೆಲವೇ ಸವಾರರೊಡನೆ ಹೈದರಾಬಾದಿನ ಕಡೆಗೆ ಹೊರಟುಹೋದನು. ಅಲ್ಲಿ ಅವನ ಗುರುತು ಸಿಕ್ಕಿತು. ದಿವಾನ ಸಾಲಾರಜಂಗನು ಅವನನ್ನು ರೆಸಿಡೆಂಟನ ಕೈಗೆ ಒಪ್ಪಿಸಿದನು. ಇಪ್ಪತ್ತನಾಲ್ಕರ ಸಮೀಪದ ತರುಣನು ಸಿಕಂದರಾಬಾದಿನ ದಂಡಿನ ಕಾವಲಿನಲ್ಲಿ ಕೈದಿಯಾದನು.

ಆ ವರ್ಷ ಟೇಲರನು ವರ್ಹಾಡ ಪ್ರಾಂತದಿಂದ ಮತ್ತೆ ಸುರಪುರಕ್ಕೆ ನೇಮಕಗೊಂಡು ಹೊರಟಿದ್ದನು. ದಾರಿಯಲ್ಲಿ ಅವನು ಸೆರೆಯಲ್ಲಿದ್ದ ತನ್ನ ಹಳೆಯ ಶಿಷ್ಯನನ್ನು ಕಂಡನು. ಈ ಭೇಟಿಯನ್ನು ಅವನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಆ ಗ್ರಂಥವು ಅವನು ತೀರಿಕೊಂಡ ಮರುವರ್ಷ, ಎಂದರೆ ೧೮೭೭ರಲ್ಲಿ ಅಚ್ಚಾಯಿತು. ದೊರೆಯು ‘ಅಪ್ಪಾ, ಅಪ್ಪಾ’ ಎಂದು ಅವನನ್ನು ತಬ್ಬಿಕೊಂಡನಂತೆ. ಪ್ರಚೋದಿಸಿದವರ ಹೆಸರನ್ನು ಹೇಳಿದರೆ ಒಳಿತಾದೀತೆಂದಾಗ, ಹೇಳಲಾರೆನೆಂದನು. ಸಾಯಲು ತನಗೆ ಹೆದರಿಕೆಯಿಲ್ಲ, ಆದರೆ ಕಳ್ಳನನ್ನು ನೇಣಿಗೆ ಹಾಕಿದಂತೆ ತನ್ನನ್ನು ಹಾಕಬಾರದು, ಬೇಕಾದರೆ ತೋಪಿನ ಬಾಯಿಗೆ ಕಟ್ಟಲಿ ಎಂದನು. ಇನ್ನೂ ಒಂದು ಮಾತನ್ನು ಹೇಳಿದನು. ಸೆರೆವಾಸಕ್ಕಿಂತ, ಕರಿನೀರಿಗಿಂತ ತನಗೆ ಸಾವೇ ಮೇಲು. ಅತ್ಯಂತ ಬಡವನಾದ ಬೇಡನೂ ಸೆರೆಯಲ್ಲಿ ಬದುಕಲಾರನು, ಅಂಥಲ್ಲಿ ದೊರೆಯಾದ ತಾನು ಬದುಕುವುದೆಂತು ಎಂಬುದು ಆ ಮಾತಿನ ತಾತ್ಪರ್ಯ.

ನೇಣಿನ ಮಾತು ಮಾನಕ್ಕೆ ಸಂಬಂಧಿಸಿದುದು. ಸೆರೆಯ ಮಾತು ಅಂಥದಲ್ಲ. ಅದರಲ್ಲಿ ಒಬ್ಬ ಮನುಷ್ಯನು ತನ್ನ ಮನಸ್ಸಿನ ಸ್ಥಿತಿಯನ್ನೂ ತನ್ನ ಜನರ ಸ್ವಭಾವವನ್ನೂ ಒಟ್ಟಿಗೆ ಹೇಳಿಬಿಟ್ಟಿದ್ದಾನೆ. ಗುಡ್ಡ, ಬಯಲು, ಬೇಟೆ, ಬಳಗ ಇವುಗಳ ನಡುವೆ ಬೆಳೆದವನಿಗೆ ನಾಲ್ಕು ಗೋಡೆಯೆಂದರೆ ಏನೆಂಬುದನ್ನು ಯಾವ ವೈದ್ಯನೂ ಇಷ್ಟು ಸಂಕ್ಷೇಪವಾಗಿ ಹೇಳಲಾರನು. ಇಂದಿನ ದಿನ ಕೈದಿಯೊಬ್ಬನು ಹೀಗೆ ಹೇಳಿದರೆ ಅದನ್ನು ಎಚ್ಚರಿಕೆಯ ಗಂಟೆಯೆಂದು ತಿಳಿದು ಬರೆದುಕೊಳ್ಳಬೇಕು, ಕಾವಲಿನವರಿಗೆ ತಿಳಿಸಬೇಕು.

ಮುಂದೇನಾಯಿತು? ಮರಣದಂಡನೆಯ ತೀರ್ಪಾಯಿತು. ರೆಸಿಡೆಂಟನು ಅದನ್ನು ಕರಿನೀರಿನ ಶಿಕ್ಷೆಗೆ ಇಳಿಸಿದನು. ಗವರ್ನರ್ ಜನರಲನು ಅದನ್ನೂ ಇಳಿಸಿ, ಮದ್ರಾಸಿನ ಸಮೀಪದ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಸಾಕೆಂದನು. ನಡತೆ ಚೆನ್ನಾಗಿದ್ದರೆ ಸಂಸ್ಥಾನ ಮರಳಿ ದೊರೆಯುವ ಆಶೆಯೂ ಇತ್ತು. ಕಾಗದದ ಮೇಲೆ ನೋಡಿದರೆ ಇದು ದೊಡ್ಡ ದಯೆ. ಆದರೆ ಯಾವುದನ್ನು ಸಾವಿಗಿಂತ ಕೆಟ್ಟದ್ದೆಂದು ಕೈದಿಯು ಹೇಳಿದ್ದನೋ ಅದನ್ನೇ ದಯೆಯೆಂದು ಅವನಿಗೆ ಕೊಟ್ಟಂತಾಯಿತು. ಹೈದರಾಬಾದಿನಿಂದ ಹೊರಟ ಮೊದಲ ಬಿಡಾರದಲ್ಲಿ, ಅಂಬರಪೇಟೆಯಲ್ಲಿ, ಕಾವಲು ಅಧಿಕಾರಿಯ ಪಿಸ್ತೂಲು ಕೈಗೆಟಕುವಂತೆ ಇತ್ತು. ಗುಂಡಿನ ಸದ್ದು ಕೇಳಿ ಜನ ಓಡಿಬಂದಾಗ ದೊರೆಯ ಪ್ರಾಣ ಹೋಗಿತ್ತು. ಟೇಲರನು ಆ ವೇಳೆಗೆ ಸುರಪುರದಲ್ಲಿದ್ದನು. ಸುದ್ದಿಯು ಅವನಿಗೆ ಕಾಗದದ ಮೂಲಕ ತಲುಪಿತು.

ಇದು ತಾನಾಗಿ ತಂದುಕೊಂಡ ಸಾವೆಂದು ಇಂಗ್ಲಿಷರು ಬರೆದಿದ್ದಾರೆ. ಅದನ್ನು ಒಪ್ಪದವರೂ ನಮ್ಮ ಸೀಮೆಯಲ್ಲಿ ಇದ್ದಾರೆ. ಟೇಲರನ ಬರಹವನ್ನೂ ಎಚ್ಚರದಿಂದಲೇ ಓದಬೇಕು. ಅವನು ದೊರೆಯನ್ನು ಪ್ರೀತಿಸಿದವನು ನಿಜ, ಆದರೆ ದೊರೆಯನ್ನು ಸೆರೆಹಿಡಿದ ಸರಕಾರದ ಸೇವಕನೂ ಹೌದು. ತನ್ನ ಮುದಿವಯಸ್ಸಿನಲ್ಲಿ ಹಿಂದಿನದನ್ನು ನೆನೆದು ಬರೆದವನು. ಆದರೂ ನನ್ನ ವಾದಕ್ಕೆ ಇದರಿಂದ ಬಾಧೆಯಿಲ್ಲ. ಗುಂಡನ್ನು ಯಾರೇ ಹಾರಿಸಿರಲಿ, ಸರಕಾರದ ವಶದಲ್ಲಿದ್ದ ಕೈದಿಯು ಸರಕಾರದ ಪಿಸ್ತೂಲಿನಿಂದ, ಸರಕಾರದ ಬಿಡಾರದಲ್ಲಿ ಸತ್ತನೆಂಬುದು ನಿರ್ವಿವಾದ. ಕೈದಿಯ ಮನಸ್ಸನ್ನು ಬಲ್ಲವನು ಒಬ್ಬನಿದ್ದನು. ಅವನಿಗೆ ಗೊತ್ತಿದ್ದುದು ಕೈದಿಯ ಸಂಗಡ ಅಂಬರಪೇಟೆಯವರೆಗೂ ಹೋಗಲಿಲ್ಲ. ಕೋಳ ಹೋಯಿತು, ಕಾವಲು ಹೋಯಿತು, ತೀರ್ಪಿನ ನಕಲು ಹೋಯಿತು, ಆ ಒಂದು ಮಾತು ಹಿಂದುಳಿಯಿತು.

ದೊರೆಯ ಗತಿಯೇ ಹೀಗಾದರೆ ಹೆಸರಿಲ್ಲದವರ ಗತಿ ಏನು? ಸುರಪುರಕ್ಕಿಂತ ಎರಡು ತಿಂಗಳು ಮುಂಚೆ, ೧೮೫೭ರ ನವೆಂಬರಿನ ಕೊನೆಯಲ್ಲಿ, ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲೊಲ್ಲದೆ ನಿಂತರು. ಊರಿಗೆ ಬೆಂಕಿ ಬಿತ್ತು. ೨೯೦ ಜನ ಸೆರೆಯಾದರು. ಡಿಸೆಂಬರ್ ೧೧ರಂದು ಮುಧೋಳದಲ್ಲಿ ೧೩ ಜನರನ್ನೂ ೧೪ರಂದು ಹಲಗಲಿಯಲ್ಲಿಯೇ ೬ ಜನರನ್ನೂ ಗಲ್ಲಿಗೆ ಹಾಕಿದರು. ಹಿಡಿದುದಕ್ಕೂ ನೇಣಿಗೂ ನಡುವೆ ಇದ್ದುದು ಹೆಚ್ಚೆಂದರೆ ಸುಮಾರು ಎರಡು ವಾರ. ಈ ಕಥೆಯನ್ನು ಲಾವಣಿಕಾರರು ಹಾಡಿದರು, ಫ್ಲೀಟ್ ಸಾಹೇಬನು ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದನು, ನಾವು ತರಗತಿಗಳಲ್ಲಿ ಪಾಠ ಹೇಳುತ್ತ ಬಂದಿದ್ದೇವೆ.

ಕೆಲವು ವರ್ಷಗಳ ಹಿಂದೆ ಆ ಪಾಠದ ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು ಕೇಳಿದನು: ‘ಸರ್, ಅಷ್ಟು ಮಂದಿಯೊಳಗ ಒಬ್ಬನೂ ಮಳ್ಳ ಇರಲಿಲ್ಲೇನ್ರಿ? ಇದ್ರ, ಅವನ್ನೂ ಹಿಡದಿದ್ರೇನ್ರಿ?’ ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ೨೯೦ ಜನರನ್ನು ಒಂದು ಊರಿನಿಂದ ಎತ್ತಿ ಒಯ್ದರೆ, ಎಲ್ಲ ಊರಿನಲ್ಲಿಯೂ ಇರುವಂತೆ ಅವರಲ್ಲಿಯೂ ಎಣಿಕೆ ಬಾರದವನು, ದಿಕ್ಕು ತಿಳಿಯದವನು, ಯಾರು ಏನು ಕೇಳಿದರೂ ಹೂಂ ಎನ್ನುವವನು ಇದ್ದೇ ಇದ್ದಿರಬೇಕು. ಅವನನ್ನು ಬೇರೆಯಾಗಿ ಗುರುತಿಸಿದ ಕಣ್ಣು ಯಾವುದು? ಲಾವಣಿಯಲ್ಲಿ ವೀರರಿಗೆ ಹೆಸರಿದೆ. ಇಂಥವನಿಗೆ ಹೆಸರಿಲ್ಲ.

ಹುಡುಗನು ಆಡಿದ ‘ಮಳ್ಳ’ ಎಂಬ ಶಬ್ದವನ್ನು ಸ್ವಲ್ಪ ವಿಚಾರಿಸಬೇಕು. ಕನ್ನಡ ಹೇಳುವುದೇ ಉದ್ಯೋಗವಾದ ನನಗೆ ಶಬ್ದಗಳ ದಾರಿಯಿಂದ ಹೋಗುವುದು ಸುಲಭ. ಹುಚ್ಚ, ಮರುಳ, ಮಂಕ, ಬೆಪ್ಪ, ಪೆದ್ದ, ಮಳ್ಳ ಎಂದು ನಮ್ಮಲ್ಲಿ ಎಷ್ಟೊಂದು ಪದಗಳಿವೆ! ಬೈಗುಳವಾಗಿ ಇವೆಲ್ಲ ಒಂದೇ ಎಂದು ಕಂಡರೂ ಹಳ್ಳಿಯವರು ಇವುಗಳ ವ್ಯತ್ಯಾಸವನ್ನು ಬಲ್ಲರು. ನೆಟ್ಟಗಿದ್ದವನಿಗೆ ನಡುವೆ ಬಂದದ್ದು ಹುಚ್ಚು. ಅದು ಇಳಿಯಬಹುದು, ಮತ್ತೆ ಏರಬಹುದು. ಹುಟ್ಟಿನಿಂದ ಬುದ್ಧಿ ಬೆಳೆಯದೆ ನಿಂತವನು ಮಳ್ಳ. ಅದು ರೋಗವಲ್ಲ, ಆದುದರಿಂದ ಅದಕ್ಕೆ ಇಳಿತವಿಲ್ಲ. ಇಂದಿನ ಶಾಸ್ತ್ರಜ್ಞರು ಮೊದಲನೆಯದನ್ನು ಮಾನಸಿಕ ಕಾಯಿಲೆಯೆಂದೂ ಎರಡನೆಯದನ್ನು ಬೌದ್ಧಿಕ ವೈಕಲ್ಯವೆಂದೂ ಕರೆಯುತ್ತಾರೆ. ನಮ್ಮ ಕಡೆ ಹುಚ್ಚಪ್ಪ, ಹುಚ್ಚವ್ವ ಎಂಬ ಹೆಸರುಗಳನ್ನು ಮಕ್ಕಳಿಗೆ ಇಡುವ ವಾಡಿಕೆಯಿರುವುದನ್ನು ನೋಡಿದರೆ, ಈ ಸ್ಥಿತಿಯ ಬಗ್ಗೆ ಜನರಲ್ಲಿ ಬರಿಯ ತಿರಸ್ಕಾರವೇ ಇರಲಿಲ್ಲವೆಂದು ತೋರುತ್ತದೆ. ಬುದ್ಧಿ ಸಾಲದ ಹುಡುಗನಿಗೆ ಹಳ್ಳಿಯಲ್ಲಿ ದನ ಕಾಯುವ ಕೆಲಸ ಸಿಕ್ಕುತ್ತಿತ್ತು. ಅವನು ತಪ್ಪಿಸಿಕೊಂಡರೆ ಯಾರಾದರೂ ಮನೆಗೆ ಮುಟ್ಟಿಸುತ್ತಿದ್ದರು. ಹಳ್ಳಿಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅಲ್ಲಿಯೂ ಅವನನ್ನು ಕಾಡಿದವರು, ದುಡಿಸಿಕೊಂಡವರು ಇದ್ದರು. ಆದರೆ ಅಲ್ಲಿ ಅವನು ಎಂಥವನೆಂಬುದು ಎಲ್ಲರಿಗೂ ಗೊತ್ತಿತ್ತು. ಸೆರೆಮನೆಯ ಬಾಗಿಲನ್ನು ದಾಟಿದೊಡನೆ ಆ ತಿಳಿವಳಿಕೆ ಹೊರಗೇ ಉಳಿಯುತ್ತದೆ.

ಅಲ್ಲಿ ಅವನಿಗೆ ಏನಾಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಠಾಣೆಯಲ್ಲಿ ಗದರಿಸಿ ಕೇಳಿದ ಪ್ರಶ್ನೆಗೆಲ್ಲ ಅವನು ಹೌದೆನ್ನುತ್ತಾನೆ. ಹೌದೆಂದರೆ ಗದರುವುದು ನಿಲ್ಲುತ್ತದೆಂಬುದು ಅವನು ಬಾಳಿನಲ್ಲಿ ಕಲಿತ ಪಾಠ. ಹೆಬ್ಬೆಟ್ಟು ಒತ್ತೆಂದಲ್ಲಿ ಒತ್ತುತ್ತಾನೆ. ಯಾವ ದಿನ ಎಲ್ಲಿದ್ದೆ ಎಂದರೆ ಹೇಳಲಾರನು. ಜಾಮೀನೆಂದರೇನೆಂದು ತಿಳಿಯದವನು ಅದನ್ನು ಬೇಡುವುದೆಂತು? ಜೇಲಿನ ಕಟ್ಟಳೆಗಳು ಅರ್ಥವಾಗದೆ ಅವುಗಳನ್ನು ಮುರಿದು, ಉದ್ಧಟನೆನಿಸಿಕೊಂಡು ಶಿಕ್ಷೆಗೆ ಒಳಗಾಗುತ್ತಾನೆ. ಅವನ ಪಾಲಿನ ರೊಟ್ಟಿಯನ್ನು ಬೇರೊಬ್ಬನು ತಿನ್ನುತ್ತಾನೆ. ಕೈದಿಯು ಬುಡಕಟ್ಟಿನವನಾಗಿದ್ದರೆ ಇದರ ಮೇಲೆ ಮತ್ತೊಂದು ಹೊರೆ. ಅಧಿಕಾರಿಯ ಭಾಷೆ ಬೇರೆ, ಅವನ ಭಾಷೆ ಬೇರೆ. ಅವನು ಸುಮ್ಮನಿರುವುದು ಬುದ್ಧಿ ಸಾಲದುದರಿಂದಲೋ, ಭಾಷೆ ಬಾರದುದರಿಂದಲೋ, ಹೆದರಿಕೆಯಿಂದಲೋ ಹೊರಗಿನವನಿಗೆ ಗೊತ್ತಾಗುವುದಿಲ್ಲ. ಅವನ ಸೀಮೆಯವನೊಬ್ಬನು ಪಕ್ಕದಲ್ಲಿದ್ದರೆ ಗಳಿಗೆಯಲ್ಲಿ ಹೇಳಿಯಾನು.

ಕಾನೂನು ಇದನ್ನು ಹೇಗೆ ಕಂಡಿತು? ವಿಚಿತ್ರವೆಂದರೆ ವೆಂಕಟಪ್ಪ ನಾಯಕನು ಸತ್ತ ೧೮೫೮ರಲ್ಲಿಯೇ ಭಾರತದ ಹುಚ್ಚರ ಆಸ್ಪತ್ರೆಗಳ ಕಾಯಿದೆ ಬಂದಿತು. ಧಾರವಾಡ, ಬೆಂಗಳೂರುಗಳಲ್ಲಿ ಆ ಶತಮಾನದ ನಡುಭಾಗಕ್ಕಾಗಲೆ ಅಂಥ ಆಸ್ಪತ್ರೆಗಳು ಹುಟ್ಟಿಕೊಂಡಿದ್ದವು. ಆದರೆ ಸುರಪುರವು ೧೮೬೦ರಲ್ಲಿ ನಿಜಾಮನ ಪಾಲಿಗೆ ಹೋದುದರಿಂದ ನಮ್ಮ ಸೀಮೆಯವರಿಗೆ ಅವೆರಡೂ ಪರರಾಜ್ಯದವೇ ಆಗಿದ್ದವು. ೧೮೬೦ರ ದಂಡಸಂಹಿತೆಯು ತನ್ನ ೮೪ನೆಯ ಕಲಮಿನಲ್ಲಿ, ಮತಿ ಸ್ವಸ್ಥವಿಲ್ಲದ ಕಾರಣ ತಾನು ಮಾಡುವುದೇನೆಂದು ತಿಳಿಯಲಾರದವನಿಗೆ ಅಪರಾಧವಿಲ್ಲವೆಂದು ಹೇಳಿತು. ೨೦೨೪ರ ಜುಲೈಯಿಂದ ಜಾರಿಗೆ ಬಂದ ನ್ಯಾಯಸಂಹಿತೆಯ ೨೨ನೆಯ ಕಲಮಿನಲ್ಲಿ ಆ ತತ್ತ್ವವೇ ಮುಂದುವರಿದಿದೆ. ತತ್ತ್ವವು ದೊಡ್ಡದು. ಆದರೆ ಅದನ್ನು ಯಾರಾದರೂ ನ್ಯಾಯಾಲಯದಲ್ಲಿ ಎತ್ತಿ ಹೇಳಬೇಕು. ಹೇಳಲು ಬಾರದುದೇ ಯಾರ ಕೊರತೆಯೋ ಅವನೇ ಅದನ್ನು ಹೇಳಬೇಕೆಂದರೆ ಹೇಗೆ?

೧೯೧೨ರ ಕಾಯಿದೆಯು ಹುಚ್ಚನನ್ನೂ ಜನ್ಮತಃ ಬುದ್ಧಿಯಿಲ್ಲದವನನ್ನೂ ಒಂದೇ ಚೀಲಕ್ಕೆ ತುಂಬಿತು. ೧೯೮೭ರ ಮಾನಸಿಕ ಆರೋಗ್ಯದ ಕಾಯಿದೆಯು ಬುದ್ಧಿಮಾಂದ್ಯರನ್ನು ಆ ಚೀಲದಿಂದ ಹೊರಗೆ ತೆಗೆಯಿತು. ೨೦೧೭ರ ಕಾಯಿದೆಯೂ ಹಾಗೆಯೇ ಮಾಡಿತು. ಬುದ್ಧಿಮಾಂದ್ಯವು ರೋಗವಲ್ಲವಾದುದರಿಂದ ಇದು ಯುಕ್ತವೇ ಸರಿ. ಆದರೆ ಇದರ ಪರಿಣಾಮವೊಂದನ್ನು ಗಮನಿಸಬೇಕು. ೨೦೧೭ರ ಕಾಯಿದೆಯ ೧೦೩ನೆಯ ಕಲಮು ಪ್ರತಿ ರಾಜ್ಯದಲ್ಲಿ ಒಂದು ಕಾರಾಗೃಹದಲ್ಲಾದರೂ ಮಾನಸಿಕ ಚಿಕಿತ್ಸೆಯ ವಿಭಾಗವಿರಬೇಕೆಂದು ವಿಧಿಸುತ್ತದೆ. ಕಾಯಿಲೆಯವನು ಆ ಬಾಗಿಲಿಗೆ ಹೋಗಬಹುದು. ಕಾಯಿಲೆಯಿಲ್ಲದ, ಆದರೆ ಬುದ್ಧಿ ಬೆಳೆಯದ ಕೈದಿಗೆ ಆ ಬಾಗಿಲೂ ಇಲ್ಲ. ಅವನಿಗೆ ಆಸರೆ ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ. ನ್ಯಾಯಾಲಯಗಳ ಮುಂದೆ ಇತರರಂತೆಯೇ ನಿಲ್ಲಲು ಬೇಕಾದ ಅನುಕೂಲವು ಅಂಥವರಿಗೆ ದೊರೆಯಬೇಕೆಂದು ಅದರ ೧೨ನೆಯ ಕಲಮು ಹೇಳುತ್ತದೆ.

ಹಳೆಯ ಪದ್ಧತಿಯಲ್ಲಿ ಇನ್ನೊಂದು ಸಿಕ್ಕಿತ್ತು. ವಿಚಾರಣೆಯನ್ನು ಎದುರಿಸಲಾರದವನಿಗೆ ಮತಿ ನೆಟ್ಟಗಾಗುವವರೆಗೆ ವಿಚಾರಣೆಯನ್ನು ತಡೆಹಿಡಿಯುವುದು, ಹೊಣೆ ನಿಲ್ಲುವವರಿಲ್ಲದಿದ್ದರೆ ಅಲ್ಲಿಯವರೆಗೆ ಬಂಧನದಲ್ಲಿಡುವುದು. ರೋಗಿಗೆ ಇದು ಸರಿಹೋದೀತು. ಬುದ್ಧಿಮಾಂದ್ಯನಿಗೆ ‘ನೆಟ್ಟಗಾಗುವವರೆಗೆ’ ಎಂದರೆ ಸಾಯುವವರೆಗೆ ಎಂದೇ ಅರ್ಥ. ೨೦೦೮ರಲ್ಲಿ ಆದ ತಿದ್ದುಪಡಿಯಲ್ಲಿ ಬುದ್ಧಿಮಾಂದ್ಯವನ್ನು ಹೆಸರಿಸಿ, ಅಂಥವರನ್ನು ಬಂಧುಗಳ ಇಲ್ಲವೆ ಸ್ನೇಹಿತರ ವಶಕ್ಕೆ ಬಿಡುವ ದಾರಿಯನ್ನು ತೆರೆದರು. ಅಷ್ಟರಲ್ಲಿ ಎಷ್ಟೋ ಜನರ ಆಯುಷ್ಯ ಕಳೆದಿತ್ತು. ೧೯೮೨ರಲ್ಲಿ ಹಜಾರಿಬಾಗಿನಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಒಂದು ಪತ್ರ ಹೋದಾಗ, ಅಲ್ಲಿಯ ಕಾರಾಗೃಹದಲ್ಲಿ ಹುಚ್ಚರೆಂದು ಒಳಗೆ ಹಾಕಿದ ೧೬ ಜನರ ಸಂಗತಿ ಬೆಳಕಿಗೆ ಬಂದಿತು. ಅವರಲ್ಲಿ ಗುಣವಾಗಿಯೂ ಇಪ್ಪತ್ತೈದು ವರ್ಷಕ್ಕೆ ಮಿಕ್ಕಿ ಕೊಳೆತವರಿದ್ದರು.

ಎಲ್ಲಕ್ಕಿಂತ ಮನಸ್ಸನ್ನು ಕಲಕುವುದು ಅಸ್ಸಾಮಿನ ಮಚಾಂಗ್ ಲಾಲುಂಗನ ಕಥೆ. ತಿವಾ ಬುಡಕಟ್ಟಿನ ಈತನನ್ನು ೧೯೫೧ರಲ್ಲಿ, ಇಪ್ಪತ್ತಮೂರರ ಪ್ರಾಯದಲ್ಲಿ, ಒಬ್ಬರನ್ನು ತೀವ್ರವಾಗಿ ಗಾಯಗೊಳಿಸಿದನೆಂಬ ಆರೋಪದ ಮೇಲೆ ಹಿಡಿದರು. ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಿದರು. ವಿಚಾರಣೆ ನಡೆಯಲೇ ಇಲ್ಲ. ೧೯೬೭ರಲ್ಲಿ ವೈದ್ಯರು ಇವನು ನೆಟ್ಟಗಿದ್ದಾನೆಂದು ಬರೆದುಕೊಟ್ಟರು. ಬಿಡುಗಡೆಯಾಗಬೇಕಿದ್ದವನು ಗುವಾಹಾಟಿಯ ಜೇಲಿಗೆ ಹೋದನು. ಮಾನವ ಹಕ್ಕುಗಳ ಆಯೋಗವು ಕಣ್ಣು ಹಾಕಿದ ಮೇಲೆ ೨೦೦೫ರಲ್ಲಿ ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಅವನನ್ನು ಬಿಟ್ಟರು. ಅಷ್ಟಕ್ಕೆ ೫೪ ವರ್ಷಗಳು ಸಂದಿದ್ದವು. ಸರ್ವೋಚ್ಚ ನ್ಯಾಯಾಲಯವು ಮೂರು ಲಕ್ಷ ರೂಪಾಯಿ ಪರಿಹಾರವನ್ನೂ ತಿಂಗಳಿಗೆ ಸಾವಿರ ರೂಪಾಯಿಯನ್ನೂ ಕೊಡಿಸಿತು. ಎರಡು ವರ್ಷಗಳಲ್ಲಿ, ೨೦೦೭ರಲ್ಲಿ, ಅವನು ತೀರಿಕೊಂಡನು.

ಸುರಪುರದ ದೊರೆಗೂ ತಿವಾ ಜನರ ಈ ಬಡವನಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ದೊರೆಯು ಮಂದಬುದ್ಧಿಯವನಲ್ಲ, ಅವನದು ಚುರುಕು ಬುದ್ಧಿ, ನೊಂದ ಮನಸ್ಸು. ಲಾಲುಂಗನದು ಬೇರೆಯೇ ಸ್ಥಿತಿ. ಆದರೆ ಇಬ್ಬರ ದುರಂತವೂ ಒಂದೇ ಅಚ್ಚಿನದು. ೧೮೫೮ರಲ್ಲಿ ಕೈದಿಯ ಮನಸ್ಸು ಟೇಲರನಿಗೆ ತಿಳಿದಿತ್ತು, ಆದರೆ ಅಂಬರಪೇಟೆಯ ಕಾವಲಿಗೆ ಹೋಗಿ ಮುಟ್ಟಲಿಲ್ಲ. ೧೯೬೭ರಲ್ಲಿ ಕೈದಿಯ ಸ್ಥಿತಿ ತೇಜಪುರದ ವೈದ್ಯರಿಗೆ ತಿಳಿದಿತ್ತು, ಆದರೆ ಅವನನ್ನು ಮನೆಗೆ ಕಳುಹಿಸುವಲ್ಲಿಗೆ ಹೋಗಿ ಮುಟ್ಟಲಿಲ್ಲ. ಎರಡು ಕಡೆಯಲ್ಲಿಯೂ ಕ್ರೌರ್ಯಕ್ಕಿಂತ ಹೆಚ್ಚಾಗಿ ಕೊಂದದ್ದು ಈ ಕಡಿದುಹೋದ ಕೊಂಡಿ. ಒಬ್ಬನಿಗೆ ‘ಅಪ್ಪಾ’ ಎಂದು ಕೂಗಲು ಒಬ್ಬನಾದರೂ ಇದ್ದನು. ಮತ್ತೊಬ್ಬನು ಐವತ್ತನಾಲ್ಕು ವರ್ಷ ಯಾರನ್ನು ಕೂಗಿದನೋ ಯಾರು ಬಲ್ಲರು?

ಇದು ನಮ್ಮ ದೇಶದ ಬಡತನದ ಫಲವೆಂದು ತಿಳಿಯಬೇಕಾಗಿಲ್ಲ. ಸಂಪತ್ತು ತುಂಬಿದ ಆಸ್ಟ್ರೇಲಿಯದಲ್ಲಿ ಮೂಲನಿವಾಸಿಗಳು ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲ, ಸೆರೆಮನೆಗಳಲ್ಲಿ ಮಾತ್ರ ಸುಮಾರು ಮೂರನೆಯ ಒಂದು ಪಾಲಿದ್ದಾರೆ. ಅಲ್ಲಿಯ ಪಶ್ಚಿಮ ಪ್ರಾಂತದ ಬುದ್ಧಿಮಾಂದ್ಯನಾದ ಒಬ್ಬ ಮೂಲನಿವಾಸಿ ತರುಣನ ಮೇಲೆ ೨೦೦೧ರಲ್ಲಿ ಆರೋಪ ಬಂದಿತು. ೨೦೦೩ರಲ್ಲಿ ಅವನು ವಿಚಾರಣೆಯನ್ನು ಎದುರಿಸಲು ಅಸಮರ್ಥನೆಂದು ನ್ಯಾಯಾಲಯವು ಹೇಳಿತು. ಆಮೇಲೆ ಅವಧಿಯೇ ಇಲ್ಲದ ಸೆರೆ. ಹೊರಗೆ ಬಂದದ್ದು ೨೦೧೨ರಲ್ಲಿ, ಅದೂ ಹಲವು ನಿರ್ಬಂಧಗಳೊಡನೆ. ಅಪರಾಧ ಸಾಬೀತಾಗಿದ್ದರೂ ಅಷ್ಟು ವರ್ಷ ಒಳಗಿರಬೇಕಾಗುತ್ತಿರಲಿಲ್ಲ! ೨೦೧೬ರಲ್ಲಿ ವಿಶ್ವಸಂಸ್ಥೆಯ ಸಮಿತಿಯು ಇದು ಅವನ ಹಕ್ಕುಗಳ ಭಂಗವೆಂದು ಸಾರಿತು. ಆ ಪ್ರಾಂತವು ೨೦೨೩ರಲ್ಲಿ ಹಳೆಯ ಕಾನೂನನ್ನು ತೆಗೆದು ಹೊಸದನ್ನು ಮಾಡಿಕೊಂಡಿತು.

ನಮ್ಮ ಲೆಕ್ಕವನ್ನೂ ನೋಡಬೇಕಲ್ಲವೆ? ೨೦೧೧ರ ಜನಗಣತಿಯಂತೆ ಪರಿಶಿಷ್ಟ ಪಂಗಡದವರು ದೇಶದಲ್ಲಿ ನೂರಕ್ಕೆ ೮.೬ರಷ್ಟು. ೨೦೧೯ರಲ್ಲಿ ಶಿಕ್ಷೆಗೊಳಗಾದ ಕೈದಿಗಳಲ್ಲಿ ಅವರು ನೂರಕ್ಕೆ ೧೩.೬, ವಿಚಾರಣೆಗೆ ಕಾದಿರುವವರಲ್ಲಿ ೧೦.೫. ಸುರಪುರದ ನಾಯಕರ ಕುಲವೂ ೧೯೯೧ರಿಂದ ಈ ಪಟ್ಟಿಯಲ್ಲಿ ಸೇರಿದೆ. ೨೦೨೨ರ ಕೊನೆಗೆ ದೇಶದ ಕೈದಿಗಳಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಜನ ತೀರ್ಪಿಲ್ಲದೆ ಒಳಗಿದ್ದವರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಅಲ್ಲಿಯ ಕೇಂದ್ರ ಕಾರಾಗೃಹದ ೫೦೨೪ ಕೈದಿಗಳನ್ನು ಪರೀಕ್ಷಿಸಿ ೨೦೧೧ರಲ್ಲಿ ವರದಿಯನ್ನು ಪ್ರಕಟಿಸಿದರು. ಮದ್ಯ ತಂಬಾಕುಗಳ ಚಟವನ್ನು ಬಿಟ್ಟು ಲೆಕ್ಕ ಹಾಕಿದರೂ ನಾಲ್ವರಲ್ಲಿ ಒಬ್ಬನಿಗಿಂತ ಹೆಚ್ಚು ಮಂದಿಗೆ ಮನಸ್ಸಿನ ತೊಂದರೆಯಿತ್ತು. ಇಂಥ ಪರೀಕ್ಷೆಯೊಂದು ನಮ್ಮ ರಾಜ್ಯದಲ್ಲಿಯೇ ನಡೆದುದು ಹೆಮ್ಮೆಯ ವಿಷಯ. ಒಬ್ಬೊಬ್ಬ ಕೈದಿಯನ್ನೂ ಕೂಡಿಸಿಕೊಂಡು ಮಾತನಾಡಿಸುವುದು ಅಸಾಧ್ಯವೇನೂ ಅಲ್ಲವೆಂದು ಅದು ತೋರಿಸಿಕೊಟ್ಟಿತು.

೨೦೨೫ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೈದಿಯು ಒಳಗೆ ಬರುವಾಗಲೇ ಅವನಿಗೆ ಅಂಗವೈಕಲ್ಯವಿದೆಯೇ ಎಂದು ಸೆರೆಮನೆಯವರು ಗುರುತಿಸಬೇಕೆಂದು ಆಜ್ಞಾಪಿಸಿತು. ಕುಂಟನನ್ನೂ ಕುರುಡನನ್ನೂ ಬಾಗಿಲಲ್ಲಿಯೇ ಗುರುತಿಸಬಹುದು. ಬುದ್ಧಿಯ ಕೊರತೆ ಮೈಮೇಲೆ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ಸಮಾಧಾನವಾಗಿ, ಅವನ ಭಾಷೆಯಲ್ಲಿ ಮಾತನಾಡಿಸಬೇಕು, ಮನೆಯವರನ್ನು ಕೇಳಬೇಕು. ಶಾಲೆಗೆ ಹೋಗಿದ್ದನೇ, ಹೋಗಿದ್ದರೆ ಏಕೆ ಬಿಟ್ಟನು, ಸಂತೆಯಲ್ಲಿ ಚಿಲ್ಲರೆ ಎಣಿಸಿ ತರಬಲ್ಲನೇ, ಒಬ್ಬನೇ ಬಸ್ಸು ಹತ್ತಿ ಇಳಿಯಬಲ್ಲನೇ, ಮೂರ್ಛೆ ಬರುತ್ತದೆಯೇ? ತಾಯಿಯೊಬ್ಬಳು ಇಷ್ಟಕ್ಕೆಲ್ಲ ನಿಂತ ಕಾಲಲ್ಲಿ ಉತ್ತರ ಕೊಟ್ಟಾಳು. ಅವಳನ್ನು ಕೇಳುವವರಿಲ್ಲ. ಕೇಳಿದರೂ, ಬರೆದ ಕಾಗದವು ಠಾಣೆಯಿಂದ ನ್ಯಾಯಾಲಯಕ್ಕೆ, ನ್ಯಾಯಾಲಯದಿಂದ ಸೆರೆಮನೆಗೆ, ಒಂದು ಸೆರೆಮನೆಯಿಂದ ಇನ್ನೊಂದಕ್ಕೆ ಕೈದಿಯ ಸಂಗಡವೇ ಹೋಗಬೇಕು. ಆರೋಪದ ಪಟ್ಟಿ ತಪ್ಪದೆ ಹೋಗುತ್ತದೆ. ಇದು ಹೋಗಲು ಅಡ್ಡಿಯೇನು?

ವೆಂಕಟಪ್ಪ ನಾಯಕನ ಸ್ಮರಣೆಯನ್ನು ನಾವು ಉತ್ಸವಗಳಿಂದ, ಭಾಷಣಗಳಿಂದ ಮಾಡುತ್ತ ಬಂದಿದ್ದೇವೆ. ಮಾಡೋಣ, ಬೇಡವೆನ್ನುವವರಾರು? ಅದರ ಜೊತೆಗೆ ಸಗರ ಸೀಮೆಯ ವಕೀಲರು, ಉಪಾಧ್ಯಾಯರು, ವೈದ್ಯರು ತಮ್ಮಲ್ಲಿಯೇ ಕೂಡಿಕೊಂಡು, ನಮ್ಮ ಹಳ್ಳಿಗಳಿಂದ ಸೆರೆಮನೆಗೆ ಹೋದವರಲ್ಲಿ ತನ್ನ ಮಾತನ್ನು ತಾನು ಹೇಳಲಾರದವನು ಯಾರಿದ್ದಾನೆಂದು ವರ್ಷಕ್ಕೊಮ್ಮೆಯಾದರೂ ವಿಚಾರಿಸಿ, ಅವನನ್ನು ಬಲ್ಲವರ ಹೇಳಿಕೆಯನ್ನು ನ್ಯಾಯಾಧೀಶರ ಮುಂದಿಡುವುದಾದರೆ ಆ ದೊರೆಗೆ ಸಲ್ಲಬೇಕಾದ ಗೌರವ ಇನ್ನೂ ಚೆನ್ನಾಗಿ ಸಂದೀತು. ಸೆರೆಯೆಂದರೆ ತನ್ನ ಜನಕ್ಕೆ ಏನೆಂಬುದನ್ನು ಆತನು ಒಬ್ಬನ ಕಿವಿಯಲ್ಲಿ ಹೇಳಿ ಹೋಗಿದ್ದಾನೆ. ಅದನ್ನು ಕಾವಲಿನವರವರೆಗೆ ಮುಟ್ಟಿಸುವ ಕೆಲಸವು ೧೮೫೮ರಿಂದ ಬಾಕಿ ಉಳಿದಿದೆ.